ಹಳದಿ ಲೈನಿಂಗಿನ ಹಿಂದಿನರ್ಧ

ಹಗರಿಬೊಮ್ಮನಹಳ್ಳಿಯ ನನ್ನ ಟೇಲರಿಂಗ್ ಅಂಗಡಿಯಲ್ಲಿ ಕಪಾಟಿನ ಕೆಳಗಿನ ಖಾನೆಗೆ ಗಿರಾಕಿಗಳು ಕೈಹಾಕುವಂತಿಲ್ಲ. ಅಲ್ಲಿರುವುದು ಬ್ಲೌಸ್ ಪೀಸುಗಳಲ್ಲ, ಪುಸ್ತಕಗಳು. ಇಡೀ ಪುಸ್ತಕಗಳೂ ಅಲ್ಲ, ಅರ್ಧರ್ಧ. ಒಂದು ಕೊಲೆಯ ಮೊದಲರ್ಧ, ಒಂದು ದೆವ್ವದ ಹಿಂದಿನರ್ಧ, ಯಾವುದೋ ಊರಲ್ಲಿ ನಿಜವಾಗಿ ನಡೆದ ವಿಷದ ಕೇಸಿನ ಎರಡೂ ಅರ್ಧ. ಒಮ್ಮೆ ತಂಬ್ರಹಳ್ಳಿಯ ಹೆಣ್ಣುಮಗಳೊಬ್ಬಳು ತನ್ನ ಬ್ಲೌಸು ಹುಡುಕುತ್ತಾ ಆ ಖಾನೆಗೇ ಕೈಹಾಕಿದಳು. ಸಿಕ್ಕಿದ್ದನ್ನು ತೆರೆದು ಎರಡು ಸಾಲು ಓದಿ, "ಯಕ್ಕಾ, ಇದರಾಗ ರುಂಡ ಐತಿ!" ಎಂದು ಚೀರಿದಳು. "ರುಂಡ ಅಲ್ಲೇ ಇರ್ಲಿ ಬಿಡವ್ವಾ, ನಿನ್ನ ಬ್ಲೌಸು ಮ್ಯಾಲಿನ ಖಾನ್ಯಾಗ ಐತಿ" ಎಂದೆ. ಆಮೇಲೆ ಅವಳು ಬಂದಾಗಲೆಲ್ಲ ಬಾಗಿಲಲ್ಲೇ ನಿಂತು ಅಳತೆ ಕೊಡುತ್ತಾಳೆ.

ಪುಸ್ತಕ ಯಾಕೆ ಅರ್ಧ ಎಂದರೆ ಹರಪನಹಳ್ಳಿಯ ಹಾಸ್ಟೆಲಿಗೆ ಹೋಗಬೇಕು. ಅಲ್ಲಿ ಒಂದೇ ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಈಗ ಒಬ್ಬಳು ಕೊಟ್ಟೂರಿನಲ್ಲಿ ಬ್ಯಾಂಕಿನಲ್ಲಿದ್ದಾಳೆ, ಒಬ್ಬಳು ಹಡಗಲಿಯಲ್ಲಿ ನರ್ಸು, ಒಬ್ಬಳು ಕೂಡ್ಲಿಗಿಯಲ್ಲಿ ಹೈಸ್ಕೂಲ್ ಟೀಚರು, ನಾನು ಟೇಲರು. ಒಬ್ಬರನ್ನೊಬ್ಬರು ಕರೆಯುವುದೂ ಹಾಗೆಯೇ, ಏ ಬ್ಯಾಂಕು, ಏ ನರ್ಸಮ್ಮ ಎಂದು. ಆಗ ಯಾರೋ ತಂದ ಒಂದು ದಪ್ಪ ಪತ್ತೇದಾರಿ ಕಾದಂಬರಿ ಕೋಣೆಗೆ ಬಂತು. ನನಗೆ ಮೊದಲು, ನನಗೆ ಮೊದಲು ಎಂದು ನಾನೂ ಟೀಚರೂ ಎಳೆದಾಡಿ ಅದು ನಡುವೆ ಹರಿದು ಎರಡಾಯಿತು. ಮುಂದಿನ ತುಂಡು ಅವಳಿಗೆ, ಹಿಂದಿನದು ನನಗೆ. ನಾನೇನು ಸುಮ್ಮನೆ ಕೂರುವವಳೇ? ಹಿಂದಿನದನ್ನೇ ಓದಿ, ಊಟದ ಸಾಲಿನಲ್ಲಿ ನಿಂತು, "ಕೊಂದಾಂವ ಮಾಲಿ" ಎಂದು ಅವಳ ಕಿವಿಯಲ್ಲಿ ಹೇಳಿಬಿಟ್ಟೆ. ಅವಳು ನನ್ನ ಜೊತೆ ಮಾತು ಬಿಟ್ಟಳು. ಉಳಿದಿಬ್ಬರು ಪಂಚಾಯ್ತಿ ಮಾಡಿ ರೂಲು ಮಾಡಿದರು: ಇನ್ನು ಮೇಲೆ ಪುಸ್ತಕವನ್ನು ನಾವೇ ನಡುವೆ ಕೊಯ್ಯುವುದು. ಮೊದಲರ್ಧ ಓದಿದವಳು ಎಲ್ಲರ ಮುಂದೆ ಕೂತು ತನ್ನ ಅನುಮಾನ ಯಾರ ಮೇಲೆ, ಯಾಕೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಮಾತ್ರ ಹಿಂದಿನರ್ಧ. ಓದಿ ಮುಗಿಸಿದವರು ಹೌದು ಅನ್ನಬಾರದು, ಅಲ್ಲ ಅನ್ನಬಾರದು, ಹುಬ್ಬು ಕೂಡ ಹಾರಿಸಬಾರದು.

ಮದುವೆ, ಮಕ್ಕಳು, ನೌಕರಿ ಎಲ್ಲ ಆದರೂ ಆ ರೂಲು ಮುರಿಯಲಿಲ್ಲ. ತಿಂಗಳಿಗೊಂದು ಭಾನುವಾರ ನನ್ನ ಅಂಗಡಿಯ ಷಟರನ್ನು ಅರ್ಧ ಎಳೆದು ಕೂರುತ್ತೇವೆ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ತಪ್ಪಿಸಿಕೊಳ್ಳಲು ಯಾರಿಗೂ ನೆಪವಿಲ್ಲ. ಕೊಟ್ಟೂರಿನವಳು ಮಂಡಕ್ಕಿ ಮಿರ್ಚಿ ತರುತ್ತಾಳೆ, ಹಡಗಲಿಯವಳು ಮಲ್ಲಿಗೆ ತರುತ್ತಾಳೆ. ಹೂ ಮುಡಿದು, ಮಿರ್ಚಿ ಕಡಿಯುತ್ತಾ, ಹೆಣ ಎಲ್ಲಿ ಸಿಕ್ಕಿತು, ಚಾಕು ಯಾರದು ಎಂದು ಚರ್ಚೆ ಶುರು. ಬ್ಯಾಂಕಿನವಳಿಗೆ ಖರೇ ನಡೆದ ಕೇಸೇ ಆಗಬೇಕು, ಕಟ್ಟುಕತೆ ಆಕೆಗೆ ಸೇರದು. ನರ್ಸಮ್ಮನಿಗೆ ದೆವ್ವ ಇಷ್ಟ, ಆದರೆ ಒಂದು ಪುಟಕ್ಕೂ ಸುಮ್ಮನಿರುವುದಿಲ್ಲ. "ಇಷ್ಟು ರಕ್ತ ಹೋದ ಮ್ಯಾಲೂ ಎದ್ದು ಭಾಷಣ ಮಾಡ್ತಾನಲ್ಲೇ, ಇಂವನ್ನ ನಮ್ಮ ವಾರ್ಡಿಗೆ ಕಳಸು, ನಾವೂ ನೋಡ್ತೀವಿ" ಎನ್ನುತ್ತಾಳೆ. ನನಗೆ ಬಾಗಿಲು ಕಿರುಗುಟ್ಟುವ ಹಳೆ ಬಂಗಲೆಗಳೆಂದರೆ ಪ್ರಾಣ. ಟೀಚರು ಮಾತ್ರ ನಮ್ಮ ಹಾಗಲ್ಲ. ಉತ್ತರ ಪತ್ರಿಕೆ ತಿದ್ದುವ ಹಾಗೆ ನಿಧಾನ ಓದುತ್ತಾಳೆ, ಓದಿ ಹೇಳಿದ ಅನುಮಾನ ಎಂದೂ ತಪ್ಪುವುದಿಲ್ಲ. ಹಾಳಾದವಳು, ಇಷ್ಟು ವರ್ಷದಲ್ಲಿ ಒಮ್ಮೆಯಾದರೂ ತಪ್ಪಲಿ ಎಂದು ನಾನು ಹರಕೆ ಹೊತ್ತದ್ದೂ ಉಂಟು.

ಮನೆಯಲ್ಲಿ ಬೈಗುಳಕ್ಕೆ ಬರವಿಲ್ಲ. "ದೇವರ ಪುಸ್ತಕ ಬಿಟ್ಟು ಕೊಲಿ ಪುಸ್ತಕ ಹಿಡಕೊಂಡು ಕುಂದರ್ತಾಳ, ಯಾವ ಕಾಲ ಬಂತವ್ವಾ" ಎಂದು ನಮ್ಮತ್ತೆ ಓಣಿಗೆಲ್ಲ ಕೇಳುವ ಹಾಗೆ ಗೊಣಗುತ್ತಾರೆ. ನನ್ನ ಗಂಡ ತಟ್ಟೆಯ ಮುಂದೆ ಕೂತಾಗಲೆಲ್ಲ ಸಾರನ್ನು ಮೂಸಿ ನೋಡಿ ನನ್ನ ಮುಖ ನೋಡುತ್ತಾರೆ. ನಕ್ಕರೆ ಅಭ್ಯಾಸವಾದೀತು ಎಂದು ನಾನು ನಗುವುದಿಲ್ಲ. ಯಾಕೆ ಇಂಥ ಪುಸ್ತಕ ಓದುತ್ತೀ ಎಂದು ಕೇಳಿದರೆ ನನಗೆ ಗೊತ್ತಿರುವುದು ಇಷ್ಟೇ: ಹೊರಗೆ ಎಷ್ಟೋ ಅನ್ಯಾಯ ನಡೆಯುತ್ತದೆ, ಯಾರು ಮಾಡಿದರು ಎಂದು ತಿಳಿಯುವುದೇ ಇಲ್ಲ. ಇಲ್ಲಿ ಕೊನೆಯ ಪುಟದೊಳಗೆ ತಿಳಿಯುತ್ತದೆ. ಆಮೇಲೆ ಕಣ್ಣುತುಂಬ ನಿದ್ದೆ ಬರುತ್ತದೆ.

ಪುಸ್ತಕ ಬಂದ ಕೂಡಲೇ ನಾನು ಅದರ ರಟ್ಟು ಕಿತ್ತುಹಾಕುತ್ತೇನೆ. ರಕ್ತ ಸುರಿಯುವ ಚಾಕುವಿನ ಚಿತ್ರ ಹಿಡಿದು ಬಸ್ಸಿನಲ್ಲಿ ಕೂತರೆ ಪಕ್ಕದವರು ಸರಿದು ಕೂರುತ್ತಾರೆ. ನಡುವೆ ಒಂದು ಅಧ್ಯಾಯ ಮುಗಿಯುವಲ್ಲಿ ಬ್ಲೇಡಿನಿಂದ ಕೊಯ್ದು, ಎರಡೂ ಅರ್ಧವನ್ನು ದಬ್ಬಣದಲ್ಲಿ ಹೊಲಿದು, ಗಿರಾಕಿಗಳ ಬ್ಲೌಸಿನಲ್ಲಿ ಉಳಿದ ಲೈನಿಂಗ್ ಬಟ್ಟೆಯಿಂದ ಹೊದಿಕೆ ಹಾಕುತ್ತೇನೆ. ಒಂದು ಪುಸ್ತಕಕ್ಕೆ ಒಂದು ಬಣ್ಣ. ಹಸಿರಿನ ಮೊದಲರ್ಧ ಒಯ್ದವಳಿಗೆ ಹಸಿರಿನ ಹಿಂದಿನರ್ಧ. ಹೆಸರು ಬರೆಯುವ ಗೋಜೇ ಇಲ್ಲ.

ಹೋದ ಬೇಸಿಗೆಯಲ್ಲಿ ಟೀಚರು ಹಳದಿ ಲೈನಿಂಗಿನ ಮೊದಲರ್ಧ ಒಯ್ದಿದ್ದಳು. ನಾವು ಮೂವರೂ ಅಷ್ಟರಲ್ಲಿ ಓದಿ ಮುಗಿಸಿದ್ದ ಕತೆ. ಒಬ್ಬ ಸಾಹುಕಾರ, ಅವನ ದೊಡ್ಡ ಮನೆ, ಮನೆಯಲ್ಲಿ ಹೆಂಡತಿ, ತಮ್ಮ, ಗುಮಾಸ್ತ, ಅಡುಗೆಯವನು. ಎಲ್ಲರಿಗೂ ಅವನ ಮೇಲೆ ಒಂದೊಂದು ಕೋಪ. ಮೊದಲರ್ಧದ ಕೊನೆಗೆ ಸಾಹುಕಾರ ಹೆಂಡತಿ ಕೊಟ್ಟ ಹಾಲು ಕುಡಿದು ಮಲಗುತ್ತಾನೆ, ಡಾಕ್ಟರು ಬಂದು ನಾಡಿ ಹಿಡಿದು ತಲೆ ಅಲ್ಲಾಡಿಸುತ್ತಾರೆ. ಅಲ್ಲಿಗೇ ನಾನು ಕೊಯ್ದಿದ್ದೆ.

ಅವಳು ಅದನ್ನು ಒಯ್ದ ಸ್ವಲ್ಪ ದಿನಕ್ಕೇ ಅವಳ ಗಂಡ ತೀರಿಕೊಂಡರು. ಎಂಥಾ ಮನುಷ್ಯ ಅಂತೀರಿ! ನಾವು ಸೇರುವ ಭಾನುವಾರಗಳಂದು ಅವಳನ್ನು ಗಾಡಿಯ ಮೇಲೆ ಬಸ್‌ಸ್ಟ್ಯಾಂಡಿಗೆ ತಂದುಬಿಟ್ಟು, ನನಗೆ ಫೋನು ಹಚ್ಚಿ, "ಪತ್ತೇದಾರ್ರನ್ನ ಹತ್ತಿಸೀನಿ, ಇಳಿಸಿಕೊಳ್ರಿ" ಎನ್ನುತ್ತಿದ್ದರು. ಒಂದು ಸಂಜೆ ಕೆಲಸದಿಂದ ಬಂದು ಎದೆ ಉರಿ ಎಂದರಂತೆ. ಮಧ್ಯಾಹ್ನ ಯಾರದೋ ಮನೆಯ ಕಾರ್ಯದಲ್ಲಿ ಖಾರ ಉಂಡಿದ್ದರು. ಇವಳು ಜೀರಿಗೆ ಹಾಕಿ ಮಜ್ಜಿಗೆ ಕೊಟ್ಟು, ಸ್ವಲ್ಪ ಮಲಗಿ ಎಂದಳು. ಊಟಕ್ಕೆ ಎಬ್ಬಿಸಲು ಹೋದಾಗ ಏಳಲಿಲ್ಲ.

ನಾವು ಹೋದಾಗ ಅವಳು ಅಳುತ್ತಿರಲಿಲ್ಲ. ಬಂದವರಿಗೆಲ್ಲ ಒಂದೇ ಮಾತು: "ಮಜ್ಜಿಗಿ ಕೊಟ್ಟು ಮಲಗ್ರಿ ಅಂದೆ. ದವಾಖಾನಿ ಎಷ್ಟು ದೂರ ಇತ್ತು? ಮಜ್ಜಿಗಿ ಕೊಟ್ಟೆ ನಾನು." ಯಾರು ಏನು ಸಮಾಧಾನ ಹೇಳಿದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಆಮೇಲೆ ಶಾಲೆಗೆ ಹೋಗಲಿಲ್ಲ. ರಜೆ ಮೇಲೆ ರಜೆ. ಹೆಡ್‌ಮಾಸ್ತರು ಫೋನು ಮಾಡಿ ಮಾಡಿ ಸಾಕಾದರು. ಮಳೆಗಾಲ ಮುಗಿಯುವ ಹೊತ್ತಿಗೆ, ನೌಕರಿಗೆ ರಾಜೀನಾಮೆ ಕೊಟ್ಟು ಹಂಪಸಾಗರದ ಅಣ್ಣನ ಮನೆಗೆ ಹೋಗಿಬಿಡುತ್ತೇನೆ ಎಂದಳು. ಅಲ್ಲಿ ಹೋಗಿ ಏನು ಮಾಡುತ್ತೀ ಎಂದರೆ, "ಕುಂದರ್ತೀನಿ" ಎಂದಳು. ನಮ್ಮ ನಾಲ್ವರಲ್ಲಿ ಓಡಾಡುವ ಹೆಣ್ಣು ಅವಳು. ಅವಳು ಒಂದು ಮೂಲೆಯಲ್ಲಿ ಕೂರುವುದೆಂದರೇನು?

ಆ ಭಾನುವಾರ ನಾವು ಮೂವರೇ ಅಂಗಡಿಯಲ್ಲಿ ಕೂತೆವು. ಮಿರ್ಚಿ ಆರಿ ಮೆತ್ತಗಾಯಿತು.

"ಅಕಿ ಕೈಯಾಗಿರೋ ಪುಸ್ತಕದಾಗ ಹಾಲು ಐತಲ್ಲೇ" ಎಂದಳು ಬ್ಯಾಂಕಿನವಳು, ದನಿ ಇಳಿಸಿ.

ಆ ಹಾಲು ನಮ್ಮ ಮೂವರ ತಲೆಯಲ್ಲೂ ಇತ್ತು. ಗಂಡನಿಗೆ ಏನೋ ಕುಡಿಯಲು ಕೊಟ್ಟು ಮಲಗಿಸಿದ ಹೆಂಡತಿ. ಅಂಥದ್ದೇ ಪುಸ್ತಕ ಇವಳ ಮನೆಯಲ್ಲಿ ಇರಬೇಕೆ! ಅದನ್ನು ಅವಳು ಮರೆತಿರಲಿ ಎಂದು ಬೇಡಿಕೊಂಡೆವು. ಅದರ ಹಿಂದಿನರ್ಧವನ್ನು ನಾನು ಕಪಾಟಿನ ತೀರಾ ಹಿಂದಕ್ಕೆ ತಳ್ಳಿದ್ದೆ. ಅದರ ಬದಲು ಏನಾದರೂ ಒಳ್ಳೆಯದು, ತಣ್ಣನೆಯದು ಕೊಡೋಣ ಎಂದಾಯಿತು. ನಮ್ಮ ಬಳಿ ಅಂಥದ್ದು ಎಲ್ಲಿ ಬರಬೇಕು? ಬ್ಯಾಂಕಿನವಳು ಯಾರನ್ನೋ ಕೇಳಿ ಒಂದು ಸಂಸಾರದ ಕಾದಂಬರಿ ತಂದಳು. ಅದರಲ್ಲಿ ಬರೀ ಮದುವೆ, ಸೀಮಂತ, ಹೋಳಿಗೆ. ಓದಿದರೆ ಬಾಯಿ ಸಿಹಿಸಿಹಿ ಆಗಿ ನನಗೆ ಉಪ್ಪಿನಕಾಯಿ ನೆಕ್ಕಬೇಕೆನಿಸಿತು.

"ಇದನ್ನರ ಇಡೀ ಕೊಡು" ಎಂದಳು ನರ್ಸಮ್ಮ.

"ಬ್ಯಾಡ. ಅರ್ಧಾನೇ ಕೊಡೂಣು. ಉಳಿದ ಅರ್ಧಕ್ಕರ ಮನಿ ಬಿಟ್ಟು ಬರ್ತಾಳ" ಎಂದೆ.

ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಆ ಕಾದಂಬರಿಯನ್ನು ಕೊಯ್ದು, ಹೊಲಿದು, ಹೊದಿಕೆ ಹಾಕಿದೆ. ಆಗ ಮದುವೆಯೊಂದರ ಆರ್ಡರಿನಲ್ಲಿ ಹಳದಿ ಲೈನಿಂಗು ರಾಶಿ ಉಳಿದಿತ್ತು. ಕೈಗೆ ಸಿಕ್ಕಿದ್ದು ಅದೇ, ಹಾಕಿದ್ದೂ ಅದನ್ನೇ. ಒಂದು ಪುಸ್ತಕಕ್ಕೆ ಒಂದು ಬಣ್ಣ ಎಂಬ ನನ್ನದೇ ಪದ್ಧತಿ ನನಗೆ ನೆನಪಾಗಲಿಲ್ಲ. ಸಾಲದ್ದಕ್ಕೆ, ಅವಸರದಲ್ಲಿ ಮೊದಲರ್ಧದ ಬದಲು ಹಿಂದಿನರ್ಧವನ್ನು ಚೀಲದಲ್ಲಿಟ್ಟು, ಕೂಡ್ಲಿಗಿಗೆ ಹೊರಟಿದ್ದ ಗಿರಾಕಿಯ ಕೈಯಲ್ಲಿ ಕಳಿಸಿದೆ.

ಎರಡು ದಿನ ಬಿಟ್ಟು, ಮಧ್ಯಾಹ್ನ ನಾನು ಬ್ಲೌಸಿಗೆ ತೋಳು ಕೂಡಿಸುತ್ತಿದ್ದಾಗ ಅವಳ ಫೋನು ಬಂತು. ಅವಳಾಗಿ ಫೋನು ಮಾಡಿ ಎಷ್ಟೋ ಕಾಲವಾಗಿತ್ತು. ಮಿಷನ್ನಿನ ಮೇಲಿನ ಕಾಲು ತೆಗೆದು ಹಲೋ ಎಂದೆ.

"ಲೇ, ಸಾಹುಕಾರ ಎದ್ದು ಕುಂತಾನಲ್ಲೇ!"

"ಯಾವ ಸಾಹುಕಾರ?"

"ಸತ್ತಾಂವ! ಡಾಕ್ಟರು ನಾಡಿ ಹಿಡಿದು ತಲಿ ಅಲ್ಲಾಡಿಸ್ಯಾನ. ನೀ ಕಳಿಸಿದ್ದು ತೆಗೆದು ನೋಡಿದ್ರ, ಅಂವ ಮದುವಿ ಪಂಕ್ತ್ಯಾಗ ಕುಂತು ಇನ್ನೆರಡು ಹೋಳಿಗಿ ಹಾಕ್ರಿ ಅನ್ನಾಕತ್ಯಾನ! ತುಪ್ಪ ಬ್ಯಾರೆ ಕೇಳ್ತಾನ!"

ಹಣೆ ಚಚ್ಚಿಕೊಂಡೆ. ಆ ಸಂಸಾರದ ಕಾದಂಬರಿಯಲ್ಲೂ ಒಬ್ಬ ಸಾಹುಕಾರನಿದ್ದ, ಮದುಮಗಳ ತಂದೆ. ಅವಳು ನನ್ನ ಹಳದಿಯನ್ನು ನಂಬಿ, ತನ್ನ ಮೊದಲರ್ಧದ ಬೆನ್ನಿಗೆ ಇದನ್ನು ಇಟ್ಟುಕೊಂಡು ಓದಿದ್ದಳು. ನಾನು ನಡೆದದ್ದನ್ನು ಹೇಳಿದೆ. ಫೋನಿನೊಳಗೆ ಮೊದಲು ಒಂದು ಕೆಮ್ಮಿನಂಥ ಸದ್ದು, ಆಮೇಲೆ ಅವಳು ನಕ್ಕಳು. ಹಾಸ್ಟೆಲಿನಲ್ಲಿ ವಾರ್ಡನ್ ಬೈಯುವವರೆಗೆ ನಗುತ್ತಿದ್ದಳಲ್ಲ, ಆ ನಗು. ನಾನೂ ನಕ್ಕೆ. ಬ್ಲೌಸಿಗಾಗಿ ಕಾದು ಕೂತಿದ್ದ ಗಿರಾಕಿ, ಇವಳಿಗೇನು ಹುಚ್ಚೇ ಎಂಬ ಹಾಗೆ ನನ್ನನ್ನು ನೋಡಿದಳು. ನಗುತ್ತಾ ನಗುತ್ತಾ ಅವಳದು ಅಳುವಾಯಿತು.

"ಎಷ್ಟೋ ಪುಟ ಓದಿದೆ ಟೇಲರ್. ಖರೇನಾ ಎದ್ದಾನ ಅಂತ ಓದಿದೆ. ಹಾಲಿನಿಂದ ಏನೂ ಆಗಿಲ್ಲ, ಸುಮ್ನ ನಿದ್ದಿ ಹತ್ತಿತ್ತು ಅಂತ."

ಅತ್ತು ಹಗುರಾಗಲಿ ಎಂದು ಫೋನು ಹಿಡಿದುಕೊಂಡೇ ಕೂತೆ.

ಆಮೇಲೆ ಮೂಗು ಸುರ್ರನೆ ಎಳೆದುಕೊಂಡು, "ಖರೇ ಅರ್ಧ ಎಲ್ಲೈತಿ?" ಎಂದಳು.

"ಅದು ಬ್ಯಾಡ ಬಿಡು. ಚಲೋ ಇಲ್ಲ. ಬ್ಯಾರೆ ಕೊಡ್ತೀನಿ."

"ಯಾಕ, ಹಾಲಿನ ಸಲುವಾಗೇನು?"

ನಾನು ಕೈಯಲ್ಲಿದ್ದ ತೋಳಿನ ಬಟ್ಟೆಯನ್ನು ಮಡಚತೊಡಗಿದೆ.

"ದಿನಾ ಅದನ್ನೇ ಓದೀನಿ ನಾನು. ಅಕಿ ಹಾಲು ಕೊಟ್ಟಿದ್ದು, ಅಂವ ಕುಡಿದಿದ್ದು. ಅಲ್ಲಿಗೇ ಮುಗೀತೈತಿ, ಮತ್ತ ಮೊದಲಿನಿಂದ ಓದ್ತೀನಿ. ನೀವು ಮೂರೂ ಮಂದಿ ಮುಂದಿಂದು ಓದಿ ಆರಾಮಾಗಿ ಕುಂತೀರಿ. ನನಗ ಹೋಳಿಗಿ ಕಳಸ್ತೀರಿ! ಏನಂತ ತಿಳಿದೀರಲೇ ನನ್ನ?"

ಬೈದಳು. ಚೆನ್ನಾಗಿ ಬೈದಳು. ಬೈಸಿಕೊಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಇನ್ನೂ ಸ್ವಲ್ಪ ಬೈಯಲಿ ಎಂದು ಕಾದೆ. ಕೊನೆಗೆ, "ಇವತ್ತಾ ಕಳಸ್ತೀನಿ ಮಾರಾಯ್ತಿ" ಎಂದರೆ, "ಕಳಸಬ್ಯಾಡ. ಅನುಮಾನ ಹೇಳದ ಒಯ್ಯಾಕ ನಾನೇನು ಗತಿಗೆಟ್ಟಾಕೇನು? ಭಾನುವಾರ ಬರ್ತೀನಿ" ಎಂದು ಫೋನಿಟ್ಟಳು.

ಭಾನುವಾರ ಬಂದಳು. ಬಡವಾಗಿದ್ದಳು, ಬ್ಲೌಸಿನ ತೋಳು ಜೋಲುತ್ತಿತ್ತು. ಷಟರಿನ ಕೆಳಗೆ ಬಗ್ಗಿ ಒಳಗೆ ಬಂದು ತನ್ನ ಜಾಗದಲ್ಲಿ, ಇಸ್ತ್ರಿ ಟೇಬಲ್ಲಿನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಸುತ್ತ ನೋಡಿ ನರ್ಸಮ್ಮನನ್ನು ಕೇಳಿದಳು: "ಹೂವೆಲ್ಲಿ?"

ನರ್ಸಮ್ಮ ಹೂ ತಂದಿದ್ದಳು. ಕೊಟ್ಟರೆ ಏನಂದುಕೊಳ್ಳುತ್ತಾಳೋ, ಕೊಡದಿದ್ದರೆ ಏನಂದುಕೊಳ್ಳುತ್ತಾಳೋ ಎಂದು ಬ್ಯಾಗಿನಲ್ಲೇ ಬಚ್ಚಿಟ್ಟಿದ್ದಳು. ಈಗ ಕಳ್ಳಿಯ ಹಾಗೆ ತೆಗೆದಳು. ಟೀಚರು ತನ್ನ ಪಾಲನ್ನು ತಾನೇ ಹರಿದುಕೊಂಡು ಮುಡಿದಳು. "ಸಣ್ಣಾಕಿ ಇದ್ದಾಗಿಂದ ಮುಡದೀನಿ, ಈಗೇನಾತು?" ಎಂದಳು. ಏನೂ ಆಗಿಲ್ಲ ಎಂದು ನಾವು ಮೂವರೂ ಒಟ್ಟಿಗೇ ಹೇಳಿದೆವು.

ಆಮೇಲೆ ರೂಲಿನ ಪ್ರಕಾರ ನಾನು ಕೇಳಬೇಕಾಯಿತು. ಹಿಂದಿನರ್ಧವನ್ನು ತೊಡೆಯ ಮೇಲೆ ಇಟ್ಟುಕೊಂಡು, "ಯಾರ ಮ್ಯಾಲೆ ಅನುಮಾನ?" ಎಂದೆ.

"ಹೆಂಡ್ತಿ" ಎಂದಳು.

"ಯಾಕ?"

"ಹಾಲು ಕೊಟ್ಟಾಕಿ ಅಕಿ. ಮತ್ತ್ಯಾರ ಮ್ಯಾಲೆ ಅನುಮಾನ ಪಡ್ಲಿ?"

ತಮ್ಮನಿದ್ದ, ಗುಮಾಸ್ತನಿದ್ದ, ಅಡುಗೆಯವನಿದ್ದ. ಯಾವಾಗಲೂ ಸರಿಯಾಗಿ ಹಿಡಿಯುವವಳಿಗೆ ಅವರು ಯಾರೂ ಕಂಡಿರಲಿಲ್ಲ. ಹೆಂಡತಿ ಅಲ್ಲ ಎಂದು ನಮ್ಮ ಮೂವರಿಗೂ ಗೊತ್ತಿತ್ತು. ಅಲ್ಲಲೇ, ಅಲ್ಲ ಎಂದು ಕೂಗಬೇಕೆನಿಸಿ ನಾನು ಬಾಯಿ ತೆರೆದದ್ದೂ ಆಯಿತು. ಬ್ಯಾಂಕಿನವಳು ನನ್ನ ತೊಡೆಯನ್ನು ಉಗುರು ಇಳಿಯುವ ಹಾಗೆ ಚಿವುಟಿದಳು.

ನರ್ಸಮ್ಮ ಮಾತ್ರ ತಡೆಯಲಾರದೆ ಮಾತಾಡಿದಳು, ಪುಸ್ತಕದ ಮಾತಲ್ಲ. "ಕೇಳಿಲ್ಲೆ. ನನ್ನ ಗಂಡ ಖಾರ ಉಂಡು ಬಂದು ಎದಿ ಉರಿ ಅಂದಿದ್ರ, ನರ್ಸಾಗಿ ನಾನೂ ಮಜ್ಜಿಗೀನಾ ಕೊಡ್ತಿದ್ದೆ. ಖರೇ ಹೇಳ್ತೀನಿ."

"ನೀ ಗೆಳತಿ. ನೀ ಹಂಗಾ ಹೇಳ್ತಿ" ಎಂದಳು ಟೀಚರು, ಸಿಟ್ಟಿಲ್ಲದೆ. "ಎಲ್ಲಾರೂ ನನ್ನ ಮಾರಿ ನೋಡಿ ಹೇಳ್ತೀರಿ. ಈ ಪುಸ್ತಕಕ್ಕ ನಾನು ಯಾರಂತ ಗೊತ್ತಿಲ್ಲ. ಅದು ಏನು ಹೇಳ್ತೈತಿ ನೋಡ್ತೀನಿ." ಕೈ ಚಾಚಿದಳು. ಕೊಟ್ಟೆ. ಕೊಡುವ ಮುಂಚೆ ಒಳಗಿನ ಪುಟ ತೆರೆದು, ಇದು ಅದೇ ಪುಸ್ತಕವೇ ಎಂದು ನೋಡಿಯೇ ಕೊಟ್ಟೆ.

ಅವಳನ್ನು ಕೂಡ್ಲಿಗಿ ಬಸ್ಸು ಹತ್ತಿಸಿ ಬಂದೆವು. ಉಳಿದಿಬ್ಬರೂ ತಮ್ಮ ಬಸ್ಸು ಬಿಟ್ಟು ಅಂಗಡಿಯಲ್ಲೇ ಕೂತರು. ಆ ಹಿಂದಿನರ್ಧದ ಮೊದಮೊದಲ ಪುಟಗಳಲ್ಲೇ ಹಾಲಿನ ಲೋಟದ ಪರೀಕ್ಷೆಯ ಸಂಗತಿ ಬರುತ್ತದೆ. ಕೊಂದವನು ಸಿಗುವುದು ಬಹಳ ಮುಂದೆ. ಈಗ ಮರಬ್ಬಿಹಾಳು ದಾಟಿರಬಹುದು ಎಂದಳು ಬ್ಯಾಂಕಿನವಳು. ಬಸ್ಸಿನಲ್ಲಿ ಸೀಟು ಸಿಕ್ಕಿತ್ತು, ಓದುತ್ತಿರುತ್ತಾಳೆ ಎಂದೆ ನಾನು. ನರ್ಸಮ್ಮ ಆರಿದ ಮಿರ್ಚಿಯನ್ನು ಚೂರು ಚೂರು ಮಾಡುತ್ತಾ ಕೂತಿದ್ದಳು, ಒಂದು ಚೂರೂ ತಿನ್ನಲಿಲ್ಲ.

ಫೋನು ಹೊಡೆದುಕೊಂಡಿತು. ಮೂವರೂ ಕೇಳಲೆಂದು ಸ್ಪೀಕರಿಗೆ ಹಾಕಿ ಮಿಷನ್ನಿನ ಮೇಲಿಟ್ಟೆ. ಬಸ್ಸಿನ ಗದ್ದಲ, ಯಾರದೋ ಮಗುವಿನ ಅಳು, ಅದರ ಮೇಲೆ ಅವಳ ದನಿ.

"ಹಾಲಿನಾಗ ಏನೂ ಇದ್ದಿಲ್ಲಲೇ."

ನಾನು ಸ್ಪೀಕರಿನ ದನಿ ಏರಿಸಿದೆ.

"ಅಕಿ ಬರೇ ಹಾಲು ಕೊಟ್ಟಾಳ. ಗಂಡ ದಣಿದು ಬಂದಾನಂತ ಹಾಲು ಕೊಟ್ಟಾಳ, ಅಷ್ಟಾ. ನನ್ನ ಅನುಮಾನ ತಪ್ಪಿತು ನೋಡು ಟೇಲರ್. ಮೊದಲನೇ ಸಲ ತಪ್ಪಿತು."

"ತಪ್ಪಲಿ ಬಿಡವ್ವಾ" ಎಂದೆ. ನರ್ಸಮ್ಮ ಆಗಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಬ್ಯಾಂಕಿನವಳು ಫೋನಿನ ಹತ್ತಿರ ಬಗ್ಗಿ, "ಮತ್ತ, ಕೊಂದಾಂವ..." ಎಂದು ಏನೋ ಶುರುಮಾಡಿದಳು.

"ಹೇಳಬ್ಯಾಡ!" ಬಸ್ಸಿನವರೆಲ್ಲ ತಿರುಗಿ ನೋಡಿರಬೇಕು, ಹಾಗೆ ಕೂಗಿದಳು. "ಬಾಯಿ ಮುಚ್ಚಿಕೊಂಡು ಕುಂದರ್ರಿ ಮೂರೂ ಮಂದಿ. ಇನ್ನಾ ಭಾಳ ಐತಿ, ನಾನಾ ಓದ್ತೀನಿ. ನಾಳೆ ಸಾಲಿಗಿ ಹೋಗೋದೈತಿ, ಅಷ್ಟರಾಗ ಮುಗಸ್ತೀನಿ."